ನೆಲದ ಋಣಭಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಎರಡು ಕಷ್ಟಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಆದರೆ ಈ ಎರಡು ಕಾರ್ಯಗಳಿಗೆ ಕೈಹಾಕುವಾಗ ನಮ್ಮ ಜನ ತೋರುವ ಎಚ್ಚರಿಕೆ ಮಾತ್ರ ಒಂದೇ ಬಗೆಯದಲ್ಲ. ಮದುವೆಯ ಮಾತು ಬಂದರೆ ವರನ ಸಂಬಳವನ್ನಷ್ಟೇ ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಅವನ ತಂದೆ ಎಂಥವನು, ಅಜ್ಜ ಎಂಥವನಾಗಿದ್ದ, ಸೋದರಮಾವನಿಗೆ ಸಿಟ್ಟು ಹೆಚ್ಚೇ, ಆ ವಂಶದಲ್ಲಿ ಯಾರಿಗಾದರೂ ಕುಡಿತದ ಚಟವಿತ್ತೇ ಎಂದು ಮೂರು ತಲೆಮಾರಿನ ಗುಣದೋಷಗಳನ್ನು ಊರೂರು ಸುತ್ತಿ ವಿಚಾರಿಸುತ್ತಾರೆ. ನಿವೇಶನ ಕೊಳ್ಳುವಾಗಲಾದರೋ ಕಾಗದವನ್ನು ನೋಡುತ್ತಾರೆ, ನೆಲವನ್ನು ನೋಡುವುದಿಲ್ಲ. ಕ್ರಯಪತ್ರ ಸರಿಯಾಗಿದೆಯೆ, ಭೂಪರಿವರ್ತನೆಯ ಆಜ್ಞೆಯಾಗಿದೆಯೆ, ಕಂದಾಯ ಸಂದಾಯವಾಗಿದೆಯೆ ಎಂದು ವಕೀಲರಿಗೆ ಶುಲ್ಕ ತೆತ್ತು ಪರೀಕ್ಷಿಸುತ್ತಾರೆ. ನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ತರಿಸಿ, ಆ ಭೂಮಿಯ ಮೇಲೆ ಯಾರ ಸಾಲವಿತ್ತು, ಯಾರ ಹಕ್ಕಿತ್ತು ಎಂದು ಬೆರಳಿಟ್ಟು ಓದುತ್ತಾರೆ. ಆ ಪತ್ರದಲ್ಲಿ ಎಂದೂ ನಮೂದಾಗದ ಹಳೆಯ ಹಕ್ಕುದಾರನೊಬ್ಬನಿದ್ದಾನೆ. ಅವನು ನೀರು.

ಭೂಗರ್ಭಶಾಸ್ತ್ರವನ್ನು ಹೊಟ್ಟೆಪಾಡಾಗಿ ಮಾಡಿಕೊಂಡ ನನಗೆ ಈ ಮಾತನ್ನು ಆಡುವ ಅಧಿಕಾರ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸುತ್ತೇನೆ. ಅಣೆಕಟ್ಟು, ಸುರಂಗ, ಗಣಿ ಎಂದರೆ ಭೂಶಾಸ್ತ್ರಜ್ಞ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ನಿವೇಶನಗಳ ಬಡಾವಣೆಗೂ ಅವನು ಬೇಕೆಂದರೆ ನಗುತ್ತಾರೆ. “ಏನು ಸ್ವಾಮಿ, ನಮ್ಮ ಮನೆಯ ಬುಡದಲ್ಲಿ ಚಿನ್ನವೇನಾದರೂ ಸಿಕ್ಕೀತೆ?” ಎಂದು ನನ್ನನ್ನು ಕೇಳಿದವರುಂಟು. ಚಿನ್ನ ಸಿಕ್ಕುವುದಿಲ್ಲ. ಆದರೆ ಗೃಹಪ್ರವೇಶವಾದ ಮೂರನೆಯ ಮಳೆಗಾಲದಲ್ಲಿ ಗೋಡೆಯ ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಏಳುವ ಬಿರುಕಿನ ಕಾರಣ ಅಲ್ಲಿ ಸಿಕ್ಕುತ್ತದೆ.

ಹಿಂದಿನವರು ಹೀಗೆ ನಗುತ್ತಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮನೆ ಕಟ್ಟುವ ನೆಲವನ್ನು ಪರೀಕ್ಷಿಸುವ ಕ್ರಮವೊಂದಿದೆ. ಮೊಳದ ಆಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನು ಮತ್ತೆ ಅದೇ ಗುಂಡಿಗೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಇನ್ನೊಂದು ಕ್ರಮವೆಂದರೆ, ಗುಂಡಿಯ ತುಂಬ ನೀರು ಹೊಯ್ದು, ನೂರು ಹೆಜ್ಜೆ ನಡೆದುಹೋಗಿ ಹಿಂದಿರುಗಿ ನೋಡಬೇಕು. ನೀರು ಇಳಿಯದೆ ನಿಂತಿದ್ದರೆ ನೆಲ ಒಳ್ಳೆಯದು. ಇದನ್ನು ಶಕುನವೆಂದು ತಳ್ಳಿಬಿಡುವುದು ಸುಲಭ. ಆದರೆ ಯೋಚಿಸಿ ನೋಡಿ: ಬಿಗಿಯಾಗಿ ಅಡಕವಾದ ನೆಲವನ್ನು ಅಗೆದರೆ ಮಣ್ಣು ಸಡಿಲಗೊಂಡು ಉಬ್ಬುತ್ತದೆ, ಗುಂಡಿಗೆ ತುಂಬಿಯೂ ಮಿಕ್ಕುತ್ತದೆ. ಮೊದಲೇ ಪೊಳ್ಳಾಗಿದ್ದ ನೆಲದ ಮಣ್ಣು ಅಷ್ಟೇ ಜಾಗದಲ್ಲಿ ಮತ್ತೆ ಕುಸಿದು ಕಡಿಮೆಬೀಳುತ್ತದೆ. ಒಂದು ಪರೀಕ್ಷೆ ಮಣ್ಣಿನ ಬಿಗಿಯನ್ನು ಅಳೆಯುತ್ತದೆ. ಮತ್ತೊಂದು ನೀರು ಇಂಗುವ ವೇಗವನ್ನು ಅಳೆಯುತ್ತದೆ. ಇಂದಿಗೂ ನಾವು ಅಳೆಯುವುದು ಈ ಎರಡನ್ನೇ. ಗುಂಡಿ ಮಾತ್ರ ಆಳವಾಗಿದೆ, ಉಪಕರಣಗಳು ದುಬಾರಿಯಾಗಿವೆ.

ಬೆಂಗಳೂರಿನ ಸುತ್ತಣ ಜನರಿಗೆ ತಮ್ಮ ನೆಲದ ವಿಷಯದಲ್ಲಿ ಒಂದು ಹುಸಿ ಧೈರ್ಯವಿದೆ. “ನಮ್ಮದು ಬಂಡೆಯ ಮೇಲಣ ಊರು, ಇಲ್ಲಿ ಏನು ಕಟ್ಟಿದರೂ ನಿಂತೀತು” ಎನ್ನುತ್ತಾರೆ. ಬಂಡೆ ಇರುವುದು ಸುಳ್ಳಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ಕುಳಿತಿರುವ ಆ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಈ ಜಾತಿಯ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂಶಾಸ್ತ್ರ ಇಲಾಖೆಯಲ್ಲಿದ್ದ ಸ್ಮೀತ್. ಅದು ೧೯೧೬ರ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ ಫಲಕವನ್ನೂ ನೆಟ್ಟಿದೆ. ಭಾನುವಾರದ ಸಂಜೆ ಆ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುವವರಿಗೆ ಭೂಮಿಯೆಂದರೆ ಕದಲದ್ದು ಎನಿಸಿದರೆ ಆಶ್ಚರ್ಯವಿಲ್ಲ.

ಆದರೆ ಬಂಡೆಯೂ ಸವೆಯುತ್ತದೆ. ಮಳೆಯ ನೀರು ಅದರ ಬಿರುಕುಗಳಲ್ಲಿ ಇಳಿದಿಳಿದು, ಕಲ್ಲಿನೊಳಗಿನ ಖನಿಜಗಳನ್ನು ಯುಗಯುಗಗಳ ಕಾಲ ತೊಳೆದು, ಗಟ್ಟಿ ಶಿಲೆಯನ್ನು ಜೇಡಿಯಾಗಿ, ಗರಸಾಗಿ, ಕೆಮ್ಮಣ್ಣಾಗಿ ಮಾಡುತ್ತದೆ. ಈ ಸವೆತ ಎಲ್ಲ ಕಡೆಯಲ್ಲೂ ಸಮನಾಗಿ ನಡೆಯುವುದಿಲ್ಲ. ಒಂದು ಕಡೆ ಬಂಡೆ ಕಾಲಿಗೆ ತಾಗುತ್ತದೆ. ನೂರು ಹೆಜ್ಜೆ ಆಚೆಗೆ ಐವತ್ತಡಿ ಅಗೆದರೂ ತಾಗದಿರಬಹುದು. ನಡುವೆ ಕರಗದೆ ಉಳಿದ ಗುಂಡುಗಳು ಪಾಯಸದೊಳಗಣ ಗೋಡಂಬಿಯ ಹಾಗೆ ಅಲ್ಲಲ್ಲಿ ಹುದುಗಿರುತ್ತವೆ. ತಗ್ಗಿನಲ್ಲಂತೂ ಸುತ್ತಣ ದಿಬ್ಬಗಳಿಂದ ಕೊಚ್ಚಿಬಂದ ಮೆಕ್ಕಲು ನಿಂತಿರುತ್ತದೆ. ನಮ್ಮ ಪೂರ್ವಿಕರು ಆ ತಗ್ಗುಗಳನ್ನೇ ಆರಿಸಿ, ಏರಿ ಹಾಕಿ, ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಳಿ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೊಂಡಿ ಕಳಚಿದರೂ ಸರಪಳಿಯ ದಾರಿ ಅಳಿಯಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದಲ್ಲಿ ಕೋಟ್ಯಧೀಶರು ತಮ್ಮ ಮನೆಗಳಿಂದ ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಬಂದುದನ್ನು ದೇಶವೆಲ್ಲ ನೋಡಿತು. ಬಂಡೆ ಅಲುಗಿರಲಿಲ್ಲ. ನೀರು ತನ್ನ ಹಳೆಯ ದಾರಿಯಲ್ಲಿ ನಡೆದುಬಂದಿತ್ತು, ಅಷ್ಟೆ.

ಇನ್ನು ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ೨೦೦೭ರಲ್ಲಿ ಶಾಲಾ ಉಪಾಧ್ಯಾಯರ ಗೃಹನಿರ್ಮಾಣ ಸಹಕಾರ ಸಂಘವೊಂದು, ಬೆಂಗಳೂರಿನಿಂದ ಒಂದು ಗಂಟೆಯ ದಾರಿಯಲ್ಲಿ ತಾನು ಕೊಂಡಿದ್ದ ಜಮೀನನ್ನು ಪರೀಕ್ಷಿಸಿ ವರದಿ ಕೊಡಬೇಕೆಂದು ನನ್ನನ್ನು ಕರೆಯಿತು. ಸಂಘಕ್ಕೆ ಭೂಶಾಸ್ತ್ರದ ಮೇಲೆ ಭಕ್ತಿಯಿತ್ತೆಂದಲ್ಲ. ಸಾಲ ಕೊಡುವವರು ವರದಿಯೊಂದನ್ನು ಕೇಳಿದ್ದರು. ನಕ್ಷೆ ಆಗಲೇ ಸಿದ್ಧವಾಗಿತ್ತು. ೨೧೦ ನಿವೇಶನಗಳು, ೨೧೦ ಸದಸ್ಯರು. ಚೀಟಿ ಎತ್ತಿ ಯಾರಿಗೆ ಯಾವ ಸಂಖ್ಯೆಯೆಂಬುದೂ ನಿಶ್ಚಯವಾಗಿತ್ತು. ಮೂಲೆಯ ನಿವೇಶನ ಬಂದವರು ಪೇಡ ಹಂಚಿದ್ದರಂತೆ.

ಕಾಗದದ ಮೇಲೆ ಆ ಭೂಮಿ ಹಪ್ಪಳದಂತೆ ಸಮತಟ್ಟಾಗಿತ್ತು. ಕಾಲಿಟ್ಟು ನಡೆದಾಗ ಬೇರೆಯೇ ಆಗಿತ್ತು. ಮೇಲುಭಾಗದಲ್ಲಿ ಬೋಳು ಬಂಡೆಯ ಒಂದು ದಿಬ್ಬ. ಅದರ ಕೆಳಗೆ ರಾಗಿ ಬೆಳೆಯುತ್ತಿದ್ದ ಕೆಮ್ಮಣ್ಣಿನ ಇಳಿಜಾರು. ಕೊನೆಯಲ್ಲಿ, ಹೊಸದಾಗಿ ಮಣ್ಣು ಸುರಿದು ಮಟ್ಟಮಾಡಿದ್ದ ಒಂದು ಬಯಲು. ಬಯಲಿನ ಮೇಲುಗಡೆ, ಸಂಘದ ಎಲ್ಲೆಯ ಆಚೆ, ಹಳ್ಳಿಯ ಕೆರೆಯ ಏರಿ. ಕೆರೆ ಒಣಗಿ ಬಿರುಕುಬಿಟ್ಟು, ಅಂಗಳದ ತುಂಬ ಜಾಲಿಯ ಮುಳ್ಳು ಬೆಳೆದಿತ್ತು.

ನೆಲ ನೋಡುವವನು ಉಪಕರಣಗಳನ್ನು ಬಿಚ್ಚುವ ಮುಂಚೆ ಊರಿನ ಹಿರಿಯರನ್ನು ಹುಡುಕಬೇಕು. ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕುಳಿತಿದ್ದ ಅಜ್ಜನೊಬ್ಬನನ್ನು ಮಾತಿಗೆಳೆದೆ.

“ಈ ಬಯಲಿನಲ್ಲಿ ಹಿಂದೆ ಏನು ಬೆಳೀತಿದ್ರಿ ಅಜ್ಜಾ?”

“ಬತ್ತ ಸ್ವಾಮಿ. ಇದು ಗದ್ದೆ ಬಯಲು. ಆ ಮೂಲೆಗೆ ಕೋಡಿಗದ್ದೆ ಅಂತಾನೇ ಹೆಸರು. ಕೆರೆ ಕೋಡಿ ಬಿತ್ತು ಅಂದ್ರೆ ಎಮ್ಮೆ ಇಳಿದ್ರೂ ಕಾಣ್ತಿರ್ಲಿಲ್ಲ.”

“ಕೋಡಿ ಬಿದ್ದು ಎಷ್ಟು ವರ್ಷವಾಯಿತು?”

ಅಜ್ಜ ಬೆರಳು ಮಡಿಸಿ ಎಣಿಸತೊಡಗಿ, ನಡುವೆ ಬಿಟ್ಟು, “ನನ್ನ ಕಿರೀ ಮಗಳು ಹುಟ್ಟಿದ್ದಿಲ್ಲ ಆಗ” ಎಂದ. ಆ ಮಗಳಿಗೆ ಆಗ ಮದುವೆಯಾಗಿ ಮಕ್ಕಳಾಗಿದ್ದವು.

ಇಷ್ಟನ್ನು ಹೇಳಲು ಅಜ್ಜನೇ ಬೇಕಾಗಿರಲಿಲ್ಲ. ಹಳೆಯ ಪಹಣಿಯಲ್ಲಿ ಮೇಲಣ ಜಮೀನು ‘ಖುಷ್ಕಿ’ ಎಂದೂ ಕೆಳಗಿನದು ‘ತರಿ’ ಎಂದೂ ಕಪ್ಪು ಶಾಯಿಯಲ್ಲಿ ಬರೆದೇ ಇತ್ತು. ಗ್ರಾಮದ ನಕ್ಷೆಯಲ್ಲಿ ಬಯಲಿನ ನಡುವೆ ಹಳ್ಳದ ಗೆರೆಯೂ ಇತ್ತು. ಭೂಪರಿವರ್ತನೆಯಾದ ಮೇಲೆ ತರಿಯೂ ಖುಷ್ಕಿಯೂ ಸಮಾನವಾಗಿ ಚದರಡಿಯ ಲೆಕ್ಕಕ್ಕೆ ಬಂದುಬಿಟ್ಟಿದ್ದವು.

ಆಮೇಲೆ ಗುಂಡಿಗಳನ್ನು ತೋಡಿಸಿದೆವು, ಕೊಳವೆಗಳನ್ನು ಇಳಿಸಿದೆವು. ಈ ಕೆಲಸದಲ್ಲಿ ಒಂದು ಸರಳವಾದ ಪರೀಕ್ಷೆಯಿದೆ. ೬೩.೫ ಕಿಲೋಗ್ರಾಂ ತೂಕದ ಸುತ್ತಿಗೆಯನ್ನು ೭೫ ಸೆಂಟಿಮೀಟರ್ ಎತ್ತರದಿಂದ ಬಿಟ್ಟು ಬಿಟ್ಟು, ಕೊಳವೆಯೊಂದನ್ನು ನೆಲದೊಳಕ್ಕೆ ಹೊಡೆಯುತ್ತಾರೆ. ಮೊದಲ ೧೫ ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ ೩೦ ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಆ ಸಂಖ್ಯೆಯೇ ನೆಲದ ಗಟ್ಟಿತನಕ್ಕೆ ಅಳತೆ. ಇಳಿಜಾರಿನ ಗರಸಿನಲ್ಲಿ ಐವತ್ತು ಪೆಟ್ಟು ಬಿದ್ದರೂ ಕೊಳವೆ ಜಗ್ಗಲಿಲ್ಲ. ಕೆಳಗಣ ಬಯಲಿನಲ್ಲಿ ಮೊದಲು ಎಂಟು ಹತ್ತು ಅಡಿ ಸುರಿದ ಮಣ್ಣು: ಇಟ್ಟಿಗೆಯ ಚೂರು, ಪ್ಲಾಸ್ಟಿಕ್ ಚೀಲ, ಒಡೆದ ಹೆಂಚು. ಅದರ ಕೆಳಗೆ ಕಪ್ಪು ಜೇಡಿ. ಅದರಲ್ಲಿ ಬಸವನಹುಳುವಿನ ಪುಟ್ಟ ಪುಟ್ಟ ಚಿಪ್ಪುಗಳು. ಅಲ್ಲಿ ಮೂರೇ ಪೆಟ್ಟಿಗೆ ಕೊಳವೆ ಬೆಣ್ಣೆಯಲ್ಲಿ ಇಳಿದಂತೆ ಇಳಿದುಹೋಯಿತು.

ಒಂದು ಕಡೆ ಹದಿನಾಲ್ಕು ಅಡಿಗೆ ಕಲ್ಲು ತಾಗಿತು. ಕೆಲಸದವರು “ಬಂಡೆ ಸಿಕ್ಕಿತು ಸಾರ್, ಮುಗಿಯಿತು” ಎಂದು ಸಾಮಾನು ಕಟ್ಟತೊಡಗಿದರು. ಇನ್ನೂ ಹತ್ತಡಿ ಕೊರೆಯಿರೆಂದೆ. ಗೊಣಗುತ್ತ ಕೊರೆದರು. ನಾಲ್ಕಡಿ ಕಲ್ಲು ಮುಗಿದು, ಮತ್ತೆ ಮೆತ್ತನೆಯ ಮಣ್ಣು ಬಂದಿತು. ಪಾಯಸದ ಗೋಡಂಬಿ! ಅಂಥ ಗುಂಡಿನ ಮೇಲೆ ಮನೆಯ ಒಂದು ಮೂಲೆ ಕುಳಿತು, ಉಳಿದ ಮೂರು ಮೂಲೆಗಳು ಮೆತ್ತನೆಯ ಮಣ್ಣಿನ ಮೇಲೆ ಕುಳಿತರೆ ಏನಾಗುವುದೆಂಬುದನ್ನು ಊಹಿಸಿಕೊಳ್ಳಿ. ಮನೆ ಇಡಿಯಾಗಿ ಒಂದಂಗುಲ ಕುಸಿದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಮೂಲೆ ನಿಂತು ಮತ್ತೊಂದು ಕುಸಿದರೆ ಗೋಡೆ ಸೀಳುತ್ತದೆ. ಮನೆಗೂ ಮನೆತನಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಇನ್ನೊಂದು ಲೆಕ್ಕವೂ ಇತ್ತು. ಊರ ಹೊರಗಿನ ಬಡಾವಣೆಗಳಿಗೆ ಒಳಚರಂಡಿ ಕೂಡಲೇ ಬರುವುದಿಲ್ಲ. ಮನೆಗೊಂದು ಇಂಗುಗುಂಡಿ ಮಾಡುತ್ತಾರೆ, ಪಕ್ಕದಲ್ಲೇ ಕೊಳವೆಬಾವಿ ಕೊರೆಸುತ್ತಾರೆ. ಈ ಜಾತಿಯ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಣ ಸವೆದ ಪದರದಲ್ಲಿ ಮತ್ತು ಆಳದ ಬಿರುಕುಗಳಲ್ಲಿ ಮಾತ್ರ. ಬಂಡೆ ಮೇಲಕ್ಕಿರುವ ಕಡೆ ಗುಂಡಿಯ ಕೊಳಕು ಇಂಗದೆ ಉಕ್ಕುತ್ತದೆ, ಇಲ್ಲವೆ ಬಿರುಕನ್ನು ಹಿಡಿದು ನೆರೆಮನೆಯ ಕೊಳವೆಬಾವಿಗೆ ನೆಂಟನಾಗಿ ಹೋಗುತ್ತದೆ. ತಗ್ಗಿನಲ್ಲಿ ಅಂತರ್ಜಲವೇ ಮೇಲೆದ್ದು ಮಳೆಗಾಲದಲ್ಲಿ ಗುಂಡಿಯನ್ನು ತುಂಬಿಬಿಡುತ್ತದೆ. ಆದ್ದರಿಂದ ಎಲ್ಲ ಮನೆಗಳ ಕೊಳಕನ್ನೂ ಒಂದೆಡೆ ಸೇರಿಸಿ ಶುದ್ಧಿಮಾಡುವ ಏರ್ಪಾಟು ಆಗಬೇಕೆಂದು ಬರೆದೆ. ಅದಕ್ಕೆ ಸಂಘದವರು ತಕರಾರಿಲ್ಲದೆ ಒಪ್ಪಿದರು.

ತಕರಾರು ಎದ್ದುದು ವರದಿಯ ಕೊನೆಯ ಪುಟಕ್ಕೆ. ಕೆಳಗಣ ಬಯಲಿನಲ್ಲಿದ್ದ ೪೨ ನಿವೇಶನಗಳನ್ನು ಕೈಬಿಡತಕ್ಕದ್ದು ಎಂದು ಅದರಲ್ಲಿತ್ತು.

ಸಂಘದ ಸರ್ವಸದಸ್ಯರ ಸಭೆಯು ಶಾಲೆಯೊಂದರ ದೊಡ್ಡ ಕೊಠಡಿಯಲ್ಲಿ ಸೇರಿತು. ಅಧ್ಯಕ್ಷರು ಸಜ್ಜನರು, ನನ್ನನ್ನು ಪಕ್ಕಕ್ಕೆ ಕರೆದು, “ವಿಜ್ಞಾನ ಇಷ್ಟು ಮುಂದುವರಿದಿರುವ ಕಾಲದಲ್ಲಿ ಕಟ್ಟಲಾಗದ ನೆಲವೆಂಬುದು ಇದೆಯೇ ಸ್ವಾಮಿ? ‘ಸೂಕ್ತ ಕ್ರಮ ಕೈಗೊಂಡು ಕಟ್ಟಬಹುದು’ ಎಂದು ಒಂದು ವಾಕ್ಯ ಬರೆದುಕೊಡಿ” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಜೇಡಿಯನ್ನು ದಾಟಿ ಗಟ್ಟಿ ನೆಲದವರೆಗೆ ಕಂಬಗಳನ್ನು ಇಳಿಸಿ ಕಟ್ಟಬಹುದು. ಎರೆಭೂಮಿಯಲ್ಲಿ ಉಬ್ಬಿ ಕುಗ್ಗುವ ಮಣ್ಣಿನ ಕಾಟಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನೇ ರೂಪಿಸಿಲ್ಲವೆ? ಆದರೆ ಉಪಾಧ್ಯಾಯರೊಬ್ಬರ ಭವಿಷ್ಯನಿಧಿಯ ಹಣವೆಲ್ಲ ಕಂಬಗಳಿಗೇ ಹೋದರೆ ಗೋಡೆಗೆ ಏನು ಉಳಿಯುತ್ತದೆ? ಇಷ್ಟಾಗಿ ಕಂಬಗಳು ಮನೆಯನ್ನು ಹೊರುತ್ತವೆಯೇ ಹೊರತು ಕೋಡಿಯ ನೀರನ್ನು ತಡೆಯುವುದಿಲ್ಲ. ಮಣ್ಣು ಸುರಿದು ಎತ್ತರಿಸಿದರೆ ನೀರು ನೆರೆಯವನ ಹೊಲಕ್ಕೆ ಹೋಗುತ್ತದೆ, ಇಲ್ಲದೆ ಹೋಗುವುದಿಲ್ಲ. ‘ಸೂಕ್ತ ಕ್ರಮ’ ಎಂಬ ಎರಡು ಪದಗಳು ವರದಿ ಬರೆದವನನ್ನು ಕಾಪಾಡುತ್ತವೆ. ಅಲ್ಲಿ ವಾಸಮಾಡುವವನನ್ನು ಕಾಪಾಡುವುದಿಲ್ಲ. ನಾನು ಆ ವಾಕ್ಯವನ್ನು ಬರೆಯಲಿಲ್ಲ.

ಸಭೆಯಲ್ಲಿ ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟರೊಬ್ಬರು ಎದ್ದುನಿಂತರು. ಬಿಳಿಯ ಅಂಗಿ, ಮಾಸಲು ಕೋಟು, ಕೈಯಲ್ಲಿ ಚೀಟಿ. ಅವರ ನಿವೇಶನ ಕೋಡಿಗದ್ದೆಯಲ್ಲಿತ್ತು.

“ತಾವು ವಿದ್ಯಾವಂತರು. ಒಂದೇ ಪ್ರಶ್ನೆ. ಅಲ್ಲಿ ನೀರು ಬರುವುದು ಯಾವಾಗ?”

“ಯಾವಾಗ ಎಂದು ಹೇಳಲಾರೆ ಮೇಷ್ಟ್ರೆ. ಎಲ್ಲಿ ಎಂದು ಹೇಳಬಲ್ಲೆ.”

“ನನಗೀಗ ಅರವತ್ತೆಂಟು. ನಾನು ಬದುಕಿರುವ ತನಕ ಬರದೆ ಹೋಗಬಹುದೆ?”

“ಹೋಗಬಹುದು.”

“ಹಾಗಾದರೆ ನನಗೆ ಅದು ಸಾಕಲ್ಲ” ಎಂದರು. ಯಾರೂ ನಗಲಿಲ್ಲ.

ನಮ್ಮ ಶಾಸ್ತ್ರದ ಬಲವೂ ಬಡತನವೂ ಆ ಉತ್ತರದಲ್ಲಿಯೇ ಇದೆ. ಮನುಷ್ಯನು ತನ್ನ ಆಯುಷ್ಯದ ಗಡಿಯಾರವನ್ನು ನೋಡಿ ‘ಯಾವಾಗ’ ಎನ್ನುತ್ತಾನೆ. ನೆಲ ‘ಎಲ್ಲಿ’ ಎಂಬುದನ್ನು ಮಾತ್ರ ತೋರಿಸುತ್ತದೆ. ಹಿಮಾಲಯದ ಜೋಶಿಮಠವು ಹಳೆಯ ಭೂಕುಸಿತದ ಮಣ್ಣು ಕಲ್ಲುಗಳ ರಾಶಿಯ ಮೇಲೆ ನಿಂತಿದೆ, ಅಲ್ಲಿ ಭಾರಿ ಕಟ್ಟಡಗಳು ಬೇಡ ಎಂದು ಸರಕಾರವೇ ನೇಮಿಸಿದ ಸಮಿತಿಯು ೧೯೭೬ರಲ್ಲಿ ಬರೆಯಿತು. ಮನೆಗಳು ಸೀಳಿ ಜನ ಊರು ಬಿಡಬೇಕಾದದ್ದು ೨೦೨೩ರ ಜನವರಿಯಲ್ಲಿ. ನಡುವೆ ಕಳೆದದ್ದು ೪೭ ಮಳೆಗಾಲ. ಮೆಕ್ಸಿಕೋ ನಗರದ ನಡುಭಾಗವು ಬತ್ತಿಸಿದ ಸರೋವರದ ಜೇಡಿಯ ಮೇಲಿದೆ. ೧೯೮೫ರ ಸೆಪ್ಟೆಂಬರಿನಲ್ಲಿ ೩೫೦ ಕಿಲೋಮೀಟರಿಗೂ ದೂರದ ಕಡಲ ತೀರದಲ್ಲಿ ಭೂಕಂಪವಾದಾಗ, ಆ ಜೇಡಿ ಪಾತ್ರೆಯೊಳಗಣ ಮೊಸರಿನಂತೆ ಅಲುಗಿ, ಕಟ್ಟಡಗಳು ಉರುಳಿ ಸಾವಿರಾರು ಜನ ಸತ್ತರು. ಗಟ್ಟಿ ನೆಲದ ಮೇಲಿದ್ದ ಬಡಾವಣೆಗಳು ಬಹುಮಟ್ಟಿಗೆ ಉಳಿದವು. ನಮ್ಮ ನೆರೆಯ ವಯನಾಡಿನಲ್ಲಿ ೨೦೧೯ರ ಆಗಸ್ಟಿನಲ್ಲಿ ಪುತ್ತುಮಲ ಕುಸಿಯಿತು. ಅಲ್ಲಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ೨೦೨೪ರ ಜುಲೈ ೩೦ರ ನಡುರಾತ್ರಿ ಕಳೆದ ಮೇಲೆ, ಮುಂಡಕೈ ಮತ್ತು ಚೂರಲ್‌ಮಲಗಳ ಮೇಲೆ ಬೆಟ್ಟವೇ ಇಳಿದುಬಂದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಈ ಎಲ್ಲ ಕಡೆಗಳಲ್ಲಿಯೂ ‘ಎಲ್ಲಿ’ ಎಂಬುದನ್ನು ನೆಲ ಮೊದಲೇ ತೋರಿಸಿತ್ತು.

ಇರಲಿ, ಸಭೆಯ ಮಾತಿಗೆ ಬರೋಣ. ಸಾಲ ಕೊಡುವವರು ನನ್ನ ವರದಿಯನ್ನು ಬಿಗಿಯಾಗಿ ಹಿಡಿದುದರಿಂದ ಸಂಘಕ್ಕೆ ಬೇರೆ ದಾರಿಯಿರಲಿಲ್ಲ. ಬಡಾವಣೆಯಲ್ಲಿ ಉದ್ಯಾನಕ್ಕೂ ನಾಗರಿಕ ಸೌಕರ್ಯಕ್ಕೂ ಒಂದಿಷ್ಟು ಜಾಗವನ್ನು ಕಾನೂನಿನ ಪ್ರಕಾರ ಬಿಡಲೇಬೇಕು. ಮೊದಲ ನಕ್ಷೆಯಲ್ಲಿ, ಕಲ್ಲು ಒಡೆಸುವ ಖರ್ಚಿಗೆ ಅಂಜಿ, ಮೇಲಣ ಬಂಡೆಯ ದಿಬ್ಬವನ್ನು ಉದ್ಯಾನವೆಂದು ಗುರುತಿಸಿದ್ದರು. ಉದ್ಯಾನವನ್ನು ಕೆಳಕ್ಕೆ ಇಳಿಸಿ, ಮನೆಗಳನ್ನು ಮೇಲಕ್ಕೆ ಏರಿಸಿರೆಂದೆ. ಬಂಡೆಗಿಂತ ಒಳ್ಳೆಯ ಅಡಿಪಾಯವನ್ನು ಯಾರು ಹಾಕಿಯಾರು? ಹಾಗೆ ಮಾಡಿದ್ದರಿಂದ ೨೬ ನಿವೇಶನಗಳು ಮರಳಿ ದೊರೆತವು. ಉಳಿದ ೧೬ ಜನರಿಗೆ ನೆಲವಿರಲಿಲ್ಲ.

ಆಗ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರು ಮುಂದೆ ಬಂದು, ಸೀಮೆಸುಣ್ಣ ಹಿಡಿದು, ಕರಿಹಲಗೆಯ ಮೇಲೆ ಲೆಕ್ಕ ಮಾಡಿದರು. ೧೯೪ ನಿವೇಶನಗಳಲ್ಲಿ ಪ್ರತಿಯೊಂದೂ ಉದ್ದದಲ್ಲಿ ಮೂರೂವರೆ ಅಡಿ ಬಿಟ್ಟುಕೊಟ್ಟರೆ ೨೦,೩೭೦ ಚದರಡಿ ಆಗುತ್ತದೆ. ಅಷ್ಟರಲ್ಲಿ ೧೬ ಜನರಿಗೂ ಅದೇ ಅಳತೆಯ ನಿವೇಶನ ಸಿಕ್ಕಿ, ಇನ್ನೂ ಸ್ವಲ್ಪ ಮಿಕ್ಕುತ್ತದೆ. “ಎಲ್ಲರೂ ಕೂಡಿಯೇ ಕೊಂಡ ಭೂಮಿ. ಅದರ ದೋಷವನ್ನೂ ಕೂಡಿಯೇ ಹಂಚಿಕೊಳ್ಳೋಣ” ಎಂದರು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಕೊಠಡಿಯಲ್ಲಿದ್ದವರೆಲ್ಲ ಮಕ್ಕಳಿಗೆ ಭಾಗಾಕಾರವನ್ನು ಕಲಿಸಿದವರೇ. ಕೈಯೆತ್ತಿಸಿದಾಗ ಸೂಚನೆ ಬಿದ್ದುಹೋಯಿತು. ನಲವತ್ತಡಿ ಎಂಬ ಲೆಕ್ಕದಲ್ಲಿ ಮನೆಯ ನಕ್ಷೆ ಬರೆಸಿಯಾಗಿದೆ ಎಂದರು ಒಬ್ಬರು. ಚೀಟಿಯಲ್ಲಿ ಬಂದದ್ದು ಅವರವರ ಹಣೆಯಬರಹ ಎಂದರು ಇನ್ನೊಬ್ಬರು. ಮತ್ತೆ ಚೀಟಿ ಎತ್ತಿದರು. ಹದಿನಾರು ಜನ ಕೊಟ್ಟ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆದರು. ಮೇಷ್ಟರು ಆ ಹದಿನಾರರಲ್ಲಿ ಒಬ್ಬರು. ಮೆಟ್ಟಿಲಿಳಿಯುವಾಗ ನನ್ನನ್ನು ನೋಡಿ ಕೈಮುಗಿದು, “ತಮ್ಮ ಕರ್ತವ್ಯ ತಾವು ಮಾಡಿದಿರಿ” ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಬಡಾವಣೆ ಬೆಳೆಯಿತು, ಸುತ್ತಣ ಭೂಮಿಯ ಬೆಲೆ ಏರಿತು. ಹಿಂದಕ್ಕೆ ಬಂದ ಹಣದಿಂದ ಮೇಷ್ಟರು ಎಲ್ಲಿಯೂ ಅಷ್ಟು ನೆಲವನ್ನು ಕೊಳ್ಳಲಾಗಲಿಲ್ಲ. ೨೦೧೬ರಲ್ಲಿ ಅವರು ತೀರಿಕೊಂಡರೆಂದು ಕೇಳಿದೆ. ಕೊನೆಯವರೆಗೂ ಬಾಡಿಗೆಯ ಮನೆಯಲ್ಲೇ ಇದ್ದರು. ಅವರು ಬದುಕಿದ್ದಷ್ಟು ಕಾಲ ಆ ಕೆರೆ ಒಮ್ಮೆಯೂ ಕೋಡಿ ಬೀಳಲಿಲ್ಲ.

ಬಿದ್ದದ್ದು ೨೦೨೨ರಲ್ಲಿ. ಆ ವರ್ಷದ ಮಳೆಯನ್ನು ಬೆಂಗಳೂರಿನ ಸುತ್ತಣ ಜನ ಮರೆತಿಲ್ಲ. ಬೇರೆ ಕೆಲಸದ ಮೇಲೆ ಆ ಕಡೆ ಹೋದವನು, ಕಾಲು ತಡೆಯದೆ ಬಡಾವಣೆಯೊಳಕ್ಕೆ ಹೋದೆ. ಏರಿಯ ಕೊನೆಯಲ್ಲಿ ಕೋಡಿ ಹಾಲಿನಂತೆ ನೊರೆಯುಕ್ಕಿಸಿ ಧುಮುಕುತ್ತಿತ್ತು. ಉದ್ಯಾನವೆಲ್ಲ ನೀರು, ಉಯ್ಯಾಲೆಯ ಹಲಗೆಗಳು ತೇಲುತ್ತಿದ್ದವು, ಕಲ್ಲುಬೆಂಚಿನ ಬೆನ್ನಷ್ಟೇ ಕಾಣುತ್ತಿತ್ತು. ಮೇಲಣ ಮನೆಗಳ ಹೊಸಿಲು ಒಣಗಿಯೇ ಇತ್ತು. ಮಕ್ಕಳು ನೀರಿನ ಅಂಚಿನಲ್ಲಿ ಕಾಗದದ ದೋಣಿಗಳನ್ನು ಬಿಡುತ್ತಿದ್ದರು.

ಬಡಾವಣೆಯ ಕಾವಲುಗಾರ ಕೊಡೆ ಹಿಡಿದು ನಿಂತಿದ್ದ. ನನ್ನನ್ನು ನೋಡಿ, “ನೋಡಿ ಸಾರ್, ಹೋಗಿ ಹೋಗಿ ಇಂಥಾ ತಗ್ಗಿನಲ್ಲಿ ಪಾರ್ಕು ಮಾಡಿಟ್ಟಿದ್ದಾರೆ. ಯಾವ ಬುದ್ಧಿವಂತ ನಕ್ಷೆ ಹಾಕಿದನೋ!” ಎಂದ.

“ಹೌದಪ್ಪಾ, ಯಾವ ಬುದ್ಧಿವಂತನೋ!” ಎಂದೆ. ಅವನ ಬೈಗುಳಕ್ಕಿಂತ ಒಳ್ಳೆಯ ಪ್ರಮಾಣಪತ್ರವನ್ನು ಈ ವೃತ್ತಿಯಲ್ಲಿ ನಾನು ಪಡೆದಿಲ್ಲ. ವೈದ್ಯನಿಗೆ ಗುಣವಾದ ರೋಗಿಯಾದರೂ ಸಾಕ್ಷಿ ಹೇಳುತ್ತಾನೆ. ಕಟ್ಟದೆ ಬಿಟ್ಟ ಮನೆ ಯಾರ ಪರವಾಗಿ ಸಾಕ್ಷಿ ಹೇಳೀತು?

ಆದರೂ ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಕಟ್ಟದ ಮನೆಗೆ ಬಿರುಕಿಲ್ಲ, ನಿಜ. ಆದರೆ ಅದರ ಬಾಡಿಗೆಯನ್ನು ಯಾರೋ ಒಬ್ಬರು ತೆರುತ್ತಲೇ ಇರುತ್ತಾರೆ. ನೆಲದ ಋಣವನ್ನು ೨೧೦ ಜನ ಹಂಚಿ ತೀರಿಸಬಹುದಾಗಿದ್ದಲ್ಲಿ ೧೬ ಜನರ ತಲೆಗೆ ಕಟ್ಟಿದರು. ತಗ್ಗಿನಲ್ಲಿ ಕಟ್ಟಬೇಡಿ, ಇಳಿಜಾರಿನಲ್ಲಿ ಕಟ್ಟಬೇಡಿ, ಕೆರೆಯಂಗಳದಲ್ಲಿ ಕಟ್ಟಬೇಡಿ ಎಂದು ನಾವು ಶಾಸ್ತ್ರ ತಿಳಿದವರು ಹೇಳುತ್ತೇವೆ. ಹೇಳಲೇಬೇಕು. ಆದರೆ ಆ ‘ಬೇಡ’ದ ಬೆಲೆಯನ್ನು ಯಾರು ಕೊಡಬೇಕೆಂಬುದನ್ನು ಇತ್ಯರ್ಥಮಾಡದೆ ಹೋದರೆ, ಜನ ನಮ್ಮ ವರದಿಯನ್ನು ಮಡಿಸಿಟ್ಟು ಅಲ್ಲೇ ಕಟ್ಟುತ್ತಾರೆ. ತಿಳಿವಳಿಕೆಯಿಲ್ಲದೆ ಕಟ್ಟುವವರಿಗಿಂತ ಬೇರೆ ಗತಿಯಿಲ್ಲದೆ ಕಟ್ಟುವವರೇ ಹೆಚ್ಚು. ಮುಖ್ಯೋಪಾಧ್ಯಾಯಿನಿಯವರು ಕರಿಹಲಗೆಯ ಮೇಲೆ ಬರೆದ ಲೆಕ್ಕ ನನ್ನ ವರದಿಯಲ್ಲಿ ಇರತಕ್ಕದ್ದಲ್ಲ, ಅದು ಭೂಶಾಸ್ತ್ರವಲ್ಲ. ಆದರೆ ಅದಿಲ್ಲದೆ ವರದಿ ಅರ್ಧವೇ ಸರಿ.

ಓದುಗರಲ್ಲಿ ನಿವೇಶನ ಕೊಳ್ಳಹೊರಟವರು ಕೆಲವರಾದರೂ ಇದ್ದೀರಿ. ವಕೀಲರಿಗೆ ಕಾಗದಗಳನ್ನು ತೋರಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ಹಳೆಯ ಪಹಣಿಯಲ್ಲಿ ಅದು ತರಿಯೋ ಖುಷ್ಕಿಯೋ ನೋಡಿ. ಗ್ರಾಮದ ನಕ್ಷೆಯಲ್ಲಿ ಹಳ್ಳದ ಗೆರೆ ಎಲ್ಲಿ ಹಾದಿದೆಯೆಂದು ಹುಡುಕಿ. ಆ ಹೊಲಕ್ಕೆ ಊರವರು ಏನೆಂದು ಹೆಸರಿಟ್ಟಿದ್ದಾರೆಂದು ವಯಸ್ಸಾದವರನ್ನು ಕೇಳಿ. ಹೊಸ ಬಡಾವಣೆಗೆ ಯಾವ ಸೊಗಸಾದ ಹೆಸರನ್ನು ಇಟ್ಟಿದ್ದರೂ ಹಳೆಯ ಹೆಸರು ಸುಳ್ಳು ಹೇಳುವುದಿಲ್ಲ. ಅಕ್ಕಪಕ್ಕದ ಮನೆಗಳ ಗೋಡೆಯ ಮೂಲೆಗಳನ್ನು ನೋಡಿ. ಆಳೊಬ್ಬನಿಗೆ ಒಂದು ದಿನದ ಕೂಲಿ ಕೊಟ್ಟು ಆಳುದ್ದದ ಗುಂಡಿ ತೋಡಿಸಿ, ಬರುವ ಮಣ್ಣನ್ನು ಮುಟ್ಟಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಮಳೆ ಬಂದ ಮರುದಿನ ಹೋಗಿ ನೋಡಿ. ಆ ದಿನ ದಲ್ಲಾಳಿ ನಿಮ್ಮ ಜೊತೆಗೆ ಬರಲಾರ, ಅವನಿಗೆ ನೆಗಡಿಯಾಗಿರುತ್ತದೆ. ನೀವೊಬ್ಬರೇ ಹೋಗಿ.